ನಾಳದ ಗೋಡೆ ಸೀಳಿದಾಗ

ಹೃದಯಾಘಾತವೆಂದರೆ ವಯಸ್ಸಾದ, ಬೀಡಿ ಸೇದುವ, ಬೊಜ್ಜು ಬೆಳೆದ ಗಂಡಸಿನ ರೋಗವೆಂಬ ಭಾವನೆಯು ನಮ್ಮ ಮನೆಗಳಲ್ಲಿ ಬೇರೂರಿದೆ. ನನ್ನ ತಂಗಿಗೆ ಅದು ಬಂದಾಗ ಅವಳ ವಯಸ್ಸು 34. ಹೆರಿಗೆಯಾಗಿ ಮೂರು ವಾರ. ಎದೆಯನ್ನು ಹಿಂಡುವ ನೋವು ತೋಳಿಗಿಳಿಯಿತು. ಹಿರಿಯರು ಬಾಣಂತಿಯ ವಾಯುವೆಂದು ಓಮದ ಕಷಾಯ ಕುಡಿಸಿದರು. ಅವಳೇ ಹಠ ಹಿಡಿದು ಆಸ್ಪತ್ರೆಗೆ ಹೊರಟಳು.

ನಾಳಕ್ಕೆ ಬಣ್ಣ ಹಾಯಿಸಿ ತೆಗೆದ ಚಿತ್ರದಲ್ಲಿ ಕೊಬ್ಬಿನ ಸುಳಿವೇ ಇರಲಿಲ್ಲ. ಹೃದಯಕ್ಕೆ ರಕ್ತವೊಯ್ಯುವ ನಾಳದ ಗೋಡೆಗೆ ಮೂರು ಪದರಗಳುಂಟು. ಅವುಗಳ ನಡುವೆ ರಕ್ತವು ಸೇರಿ, ನೀರು ಕುಡಿದ ಗೋಡೆಯ ಗಾರೆ ಉಬ್ಬುವಂತೆ ಒಳಪದರವು ಉಬ್ಬಿ, ದಾರಿಯನ್ನು ಅಮುಕಿತ್ತು. 1931ರಲ್ಲಿ ಹೆರಾಲ್ಡ್ ಪ್ರೆಟ್ಟಿ ಎಂಬ ಆಂಗ್ಲ ವೈದ್ಯರು 42 ವರ್ಷದ ಸ್ತ್ರೀಯೊಬ್ಬಳ ಮರಣೋತ್ತರ ಪರೀಕ್ಷೆಯಲ್ಲಿ ಕಂಡ ಇದನ್ನು ಮೊದಲು ವರ್ಣಿಸಿದರು. ಇದಕ್ಕೆ ತುತ್ತಾಗುವವರಲ್ಲಿ ನೂರಕ್ಕೆ ಸುಮಾರು 90 ಮಂದಿ ಸ್ತ್ರೀಯರು. ಬಸುರಿ ಬಾಣಂತಿಯರ ಹೃದಯಾಘಾತಕ್ಕೆ ಇದೊಂದು ಮುಖ್ಯ ಕಾರಣ. ತೀವ್ರವಾದ ಮನೋವ್ಯಥೆಯಿಂದಲೂ ಅತಿಯಾದ ದೇಹಶ್ರಮದಿಂದಲೂ ಬರುವುದುಂಟು.

ಚಿಕಿತ್ಸೆಯೂ ವಿಲಕ್ಷಣವೇ. ಕೊಬ್ಬು ಕಟ್ಟಿದ ನಾಳಕ್ಕೆ ಸ್ಟೆಂಟ್ ತೊಡಿಸುವರು; ಇಲ್ಲಿ ಅದರಿಂದ ಸೀಳು ಹೆಚ್ಚಬಹುದು. ರೋಗಿಯು ಸ್ಥಿರವಾಗಿದ್ದು ರಕ್ತಸಂಚಾರವು ನಿಲ್ಲದಿದ್ದರೆ, ಔಷಧವಿತ್ತು ಕಾಯುವುದೇ ಲೇಸು. ಬಹುಪಾಲು ನಾಳಗಳು ಕೆಲವು ವಾರ, ಕೆಲವು ತಿಂಗಳುಗಳಲ್ಲಿ ತಾವೇ ಕೂಡಿಕೊಳ್ಳುವುವು. (ಸುಮ್ಮನೆ ಕಾಯುವ ವೈದ್ಯರನ್ನು ನಮ್ಮ ಜನ ಮೆಚ್ಚುವುದು ಕಷ್ಟ, ನಮ್ಮ ಭಾವನವರು ಎರಡು ದಿನ ಅವರೊಡನೆ ಜಗಳವಾಡಿದರು.)

ಈ ವ್ಯಾಧಿ ಮರುಕಳಿಸುವ ಸಂಭವವುಂಟು. ಆದುದರಿಂದ ತಂಗಿಯು ರಕ್ತದೊತ್ತಡ ತಗ್ಗಿಸುವ ಮಾತ್ರೆಯನ್ನು ಒಂದು ದಿನವೂ ಬಿಟ್ಟಿಲ್ಲ. ಇನ್ನೊಂದು ಮಗುವಿನ ಆಸೆಯನ್ನು ಬಿಟ್ಟಿದ್ದಾಳೆ.