ಬೆಳ್ಳುಳ್ಳಿಯ ಪರೀಕ್ಷೆ

ಮನೆಯ ಹಿರಿಯರ ಮದ್ದನ್ನು ನಂಬಬೇಕೋ, ಪುಸ್ತಕದ ವಿಜ್ಞಾನವನ್ನು ನಂಬಬೇಕೋ ಎಂದು ನಮ್ಮ ವಿದ್ಯಾರ್ಥಿನಿಯರು ಕೇಳುವುದುಂಟು. ಪರೀಕ್ಷಿಸದೆ ಯಾವುದನ್ನೂ ಒಪ್ಪಲಾಗದು, ತಳ್ಳಲೂ ಆಗದು ಎಂಬುದೇ ನಾವು ಕೊಡುವ ಉತ್ತರ.

ಬೆಳ್ಳುಳ್ಳಿಯನ್ನೇ ನೋಡೋಣ. ಪ್ರಯೋಗಶಾಲೆಯಲ್ಲಿ ಅಗರ್ ತುಂಬಿದ ಗಾಜಿನ ತಟ್ಟೆಯ ಮೇಲೆ ರೋಗಾಣುಗಳನ್ನು ಸಮನಾಗಿ ಹರಡಿ, ನೀರಿನಲ್ಲಿ ಅರೆದ ಬೆಳ್ಳುಳ್ಳಿಯ ರಸದಿಂದ ತೋಯಿಸಿದ ಕಾಗದದ ಬಿಲ್ಲೆಯನ್ನು ಅದರ ಮೇಲಿಡುವರು. 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ರಾತ್ರಿ ಇಟ್ಟರೆ, ರಸಕ್ಕೆ ಶಕ್ತಿಯಿದ್ದಲ್ಲಿ, ಬಿಲ್ಲೆಯ ಸುತ್ತಲೂ ರೋಗಾಣು ಬೆಳೆಯದ ತಿಳಿಯಾದ ವಲಯವು ಕಾಣುವುದು. ಪಕ್ಕದಲ್ಲಿ ಬರಿಯ ನೀರಿನ ಬಿಲ್ಲೆಯೊಂದು ಇರಲೇಬೇಕು. ಅದಿಲ್ಲದ ಸಾಕ್ಷ್ಯವು ಸಾಕ್ಷ್ಯವಲ್ಲ.

1944ರಲ್ಲಿ ಅಮೆರಿಕದ ಕ್ಯಾವಲ್ಲಿಟೊ ಮತ್ತು ಬೈಲಿ ಎಂಬ ವಿಜ್ಞಾನಿಗಳು ಈ ಶಕ್ತಿಗೆ ಕಾರಣವಾದ ಅಲಿಸಿನ್ ಎಂಬ ದ್ರವ್ಯವನ್ನು ಬೇರ್ಪಡಿಸಿದರು. ಇಡಿಯ ಎಸಳಿನಲ್ಲಿ ಅದು ಇರುವುದಿಲ್ಲ. ಜಜ್ಜಿದಾಗ ಕಿಣ್ವವೊಂದರ ಮೂಲಕ ಹುಟ್ಟುವುದು. ಜಜ್ಜುವ ಮೊದಲೇ ಬೇಯಿಸಿದರೆ ಆ ಕಿಣ್ವವು ಕೆಡುವುದು. ಅಜ್ಜಿಯರು ಹಸಿಯ ಬೆಳ್ಳುಳ್ಳಿಯನ್ನು ಜಜ್ಜಿ ಕೊಡುತ್ತಿದ್ದ ರೂಢಿಗೆ ಇದರಿಂದ ಒಂದು ಕಾರಣವು ದೊರಕಿತು.

ಆದರೆ ಗಾಜಿನ ತಟ್ಟೆಯು ಮನುಷ್ಯದೇಹವಲ್ಲ. ಅಲಿಸಿನ್ ರಕ್ತವನ್ನು ಸೇರಿದೊಡನೆ ಬೇಗನೆ ಮಾರ್ಪಡುವುದು. ಆದಕಾರಣ ವಿಷಮಶೀತಜ್ವರದಿಂದ ಮಲಗಿದ ಮಗುವಿಗೆ ಬೆಳ್ಳುಳ್ಳಿಯೊಂದೇ ಸಾಕೆಂದು ವೈದ್ಯರನ್ನು ಕಾಣಲು ತಡಮಾಡುವುದು ಪ್ರಾಣಕ್ಕೆ ಅಪಾಯಕರ.

ಈಗ ತಾಯಂದಿರಾಗಿರುವ ನಮ್ಮ ಪೂರ್ವವಿದ್ಯಾರ್ಥಿನಿಯರೇ, ಮಾನ್ಯ ಪೋಷಕರೇ, ಹಿರಿಯರ ಮಾತನ್ನು ಗೌರವದಿಂದ ಕೇಳಿರಿ, ಮಕ್ಕಳಿಗೂ ಕಲಿಸಿರಿ. ಅದರ ಸತ್ಯವನ್ನು ಪ್ರಯೋಗಶಾಲೆಯು ಶೋಧಿಸಲಿ. ಜ್ವರದ ಮಗುವಿನ ಹಾಸಿಗೆಯು ಅದಕ್ಕೆ ಸ್ಥಳವಾಗದಿರಲಿ.