ಎರೆಹೊಲದವರ ಬಂದರು

ವಿಜಯಪುರ ಜಿಲ್ಲೆಯ ಸಿಂದಗಿಯಿಂದ ಪಡುವಣ ಕಡಲು ನೇರ ಗೆರೆಯಲ್ಲಿ ಅಳೆದರೂ ಸುಮಾರು 300 ಕಿಲೋಮೀಟರು ದೂರದಲ್ಲಿದ್ದು, ನಡುವೆ ಸಹ್ಯಾದ್ರಿ ಅಡ್ಡ ನಿಂತಿದೆ. ಈ ಸೀಮೆಯಲ್ಲಿ ಬಿದ್ದ ಮಳೆಯೂ ಆ ಕಡಲಿನ ಕಡೆಗೆ ಹರಿಯದೆ, ಭೀಮೆಯನ್ನೋ ಡೋಣಿಯನ್ನೋ ಹಿಡಿದು ಕೃಷ್ಣೆಗೆ ಕೂಡಿ, ಮೂಡಣಕ್ಕೆ ಸಾಗಿ ಆಂಧ್ರದ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಡೋಣಿಯೆಂಬ ಹೊಳೆಯಿದ್ದೂ ದೋಣಿ ಓಡದ, ಆ ಹೊಳೆಯ ನೀರು ಉಪ್ಪಾಗಿದ್ದೂ ಕಡಲನ್ನು ಕಾಣದ ಈ ಎರೆನೆಲಕ್ಕೂ ಬಂದರಿಗೂ ಏನು ನಂಟೆಂದು ಭೂಪಟ ನೋಡುವವರು ಕೇಳಬಹುದು. ಸಂಜೆಯಾಗುತ್ತಲೇ ಬಸ್ ನಿಲ್ದಾಣದಲ್ಲಿ ಹಾಸಿಗೆಯ ಗಂಟು, ರೊಟ್ಟಿಯ ಬುತ್ತಿ, ಪ್ಲಾಸ್ಟಿಕ್ ಕೊಡಗಳೊಡನೆ ಮಂಗಳೂರಿನ ಬಸ್ಸನ್ನೋ ಗೋವೆಯ ಬಸ್ಸನ್ನೋ ಕಾಯುತ್ತ ಕುಳಿತವರನ್ನು ಕಂಡವರು ಕೇಳಲಾರರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ನೀರು ಮೂಡಣಕ್ಕೆ ಹೋದರೆ ದುಡಿಯುವ ಕೈಗಳಲ್ಲಿ ಬಹಳಷ್ಟು ಪಡುವಣಕ್ಕೆ ಹೋಗುತ್ತವೆ.

ಬಂದರಿಗೆ ಎರಡು ಮುಖಗಳಿವೆಯೆಂದು ಭೂಗೋಳಶಾಸ್ತ್ರ ಹೇಳುತ್ತದೆ. ಹಡಗುಗಳು ಹೋಗಿಬರುವ ದೂರದ ತೀರಗಳು ಒಂದಾದರೆ, ಆ ಹಡಗುಗಳಿಗೆ ಸರಕನ್ನು ಕೊಟ್ಟು ಅವು ತಂದುದನ್ನು ಕೊಳ್ಳುವ ಒಳನಾಡು, ಅಂದರೆ ಹಿನ್ನಾಡು, ಇನ್ನೊಂದು. ಬಂದರು ನಗರದ ಸೊಬಗನ್ನು ಬರೆದವರೆಲ್ಲ ಬಹುಮಟ್ಟಿಗೆ ಕಡಲಿಗೆ ಮುಖ ಮಾಡಿ ನಿಂತು ಬರೆದಿದ್ದಾರೆ. ಅದು ಹಿನ್ನಾಡಿನಿಂದ ಹೇಗೆ ಕಾಣುತ್ತದೆಂಬುದನ್ನು ವಿಚಾರಿಸಿದವರು ಕಡಿಮೆ. ವಿಜಯಪುರದ ಮಟ್ಟಿಗೆ ಈ ಅಲಕ್ಷ್ಯ ವಿಚಿತ್ರವೇ ಸರಿ, ಏಕೆಂದರೆ ಅಲ್ಲಿಂದ ಆಳಿದ ಆದಿಲಶಾಹಿ ರಾಜ್ಯವೇ ಬಂದರಿನ ಬಾಗಿಲಿನಿಂದ ಬಂದದ್ದು. ಆ ಮನೆತನದ ಮೂಲಪುರುಷ ಯೂಸುಫ್ ಆದಿಲ್ ಶಾಹ ಕಡಲ ದಾರಿಯಲ್ಲಿ ಬಂದು, ಇಂದು ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯಲ್ಲಿರುವ ದಾಬೋಳ ಬಂದರಿನಲ್ಲಿ ಇಳಿದನೆಂದು ವಿಜಯಪುರದಲ್ಲಿದ್ದೇ ಇತಿಹಾಸ ಬರೆದ ಫೆರಿಷ್ತಾ ಹೇಳುತ್ತಾನೆ. ಅರಬ್ ಮತ್ತು ಪಾರಸಿ ಕುದುರೆಗಳು ಹಡಗಿನಿಂದಿಳಿದು ಘಟ್ಟ ಹತ್ತುತ್ತಿದ್ದ ಗೋವೆಯೂ ಆಗ ಆ ರಾಜ್ಯದ ಕೈಯಲ್ಲಿತ್ತು. ಪೋರ್ಚುಗೀಸ್ ಸೇನಾನಿ ಅಲ್ಬುಕರ್ಕ್ 1510ರಲ್ಲಿ ಅದನ್ನು ಒಮ್ಮೆ ಗೆದ್ದು, ಕಳೆದುಕೊಂಡು, ಅದೇ ವರ್ಷದ ನವೆಂಬರಿನಲ್ಲಿ ಮತ್ತೆ ಕಿತ್ತುಕೊಂಡ ಮೇಲೆ ಅದು ವಿಜಯಪುರಕ್ಕೆ ಮರಳಲಿಲ್ಲ. ಪಣಜಿಯ ಹೊಳೆದಂಡೆಯಲ್ಲಿ ಆದಿಲ್ ಶಾಹನ ಅರಮನೆಯೆಂದೇ ಹೆಸರಾದ ಹಳೆಯ ಕಟ್ಟಡವೊಂದು ಇಂದಿಗೂ ಇದೆ. 1961ರ ಡಿಸೆಂಬರಿನಲ್ಲಿ ಗೋವೆ ವಿಮೋಚನೆಯಾದ ಬಳಿಕ ಕಲ್ಲು ಹೊರಲು, ರಸ್ತೆ ಮಾಡಲು, ಮುರಗಾಂವ್ ಬಂದರಿನಲ್ಲಿ ದುಡಿಯಲು ಹೋದ ವಿಜಯಪುರ ಸೀಮೆಯವರು ತಮ್ಮ ಹಳೆಯ ದೊರೆಯ ಮನೆಯ ಮುಂದೆಯೇ ಹಾದುಹೋಗುತ್ತಿದ್ದರೂ, ಅವರಲ್ಲಿ ಎಷ್ಟು ಮಂದಿ ತಲೆಯೆತ್ತಿ ನೋಡಿರಬಹುದು? ತಲೆಯ ಮೇಲೆ ಬುಟ್ಟಿ ಇದ್ದಾಗ ಇತಿಹಾಸ ಕಾಣುವುದು ಕಷ್ಟ.

ಹಿನ್ನಾಡನ್ನು ಬಂದರಿಗೆ ಹೊಸದಾಗಿ ಬಿಗಿದದ್ದು ರೈಲು. 1876ರಿಂದ 1878ರವರೆಗಿನ ಬರ ಅಂದಿನ ಕಲಾದಗಿ ಜಿಲ್ಲೆಯನ್ನು, ಎಂದರೆ ಇಂದಿನ ವಿಜಯಪುರ ಮತ್ತು ಬಾಗಲಕೋಟೆಗಳ ಸೀಮೆಯನ್ನು, ಹಿಂಡಿಹಾಕಿದ ನಂತರ, ಬರದ ನಾಡಿಗೆ ಕಾಳು ತಲುಪಿಸುವ ದಾರಿ ಬೇಕೆಂಬ ವಾದದ ಬಲದಿಂದ 1880ರ ದಶಕದಲ್ಲಿ ದಕ್ಷಿಣ ಮರಾಠಾ ರೈಲ್ವೆಯ ಹಳಿಗಳು ಹೋಟಗಿಯಿಂದ ಗದಗಿಗೆ ಬಂದವು. ಅದೇ ದಶಕದಲ್ಲಿ ಕ್ಯಾಸಲ್‌ರಾಕ್ ಘಟ್ಟವನ್ನಿಳಿದ ಹಳಿ ಮುರಗಾಂವ್ ಬಂದರನ್ನು ಮುಟ್ಟಿತು. ಕಾಳು ಒಳಗೆ ಬರಲೆಂದು ಹಾಕಿದ ದಾರಿಯಲ್ಲಿ ಜನ ಹೊರಗೆ ಹೋಗಲು ಕಲಿತರು. ಇದಕ್ಕೆ ಈ ಭಾಗದ ಮಾತಿನಲ್ಲಿ ಗುಳೆ ಎಂದು ಹೆಸರು: ಮನೆಗೆ ಬೀಗ ಹಾಕಿ, ಮುದುಕರನ್ನು ಊರಲ್ಲಿ ಬಿಟ್ಟು, ದುಡಿಮೆಯಿರುವ ಕಡೆಗೆ ಕುಟುಂಬವೇ ಹೋಗಿ, ಬಿತ್ತಿಗೆಗೋ ಜಾತ್ರೆಗೋ ಮರಳುವುದು.

ಹಾಗೆ ಹೋದವರಿಗೆ ಬಂದರು ಏಕೆ ಹಿಡಿಸುತ್ತದೆ ಎಂಬ ಪ್ರಶ್ನೆಗೆ ಕೂಲಿಯೆಂಬ ಒಂದೇ ಉತ್ತರ ಸಾಲದು. ಕೂಲಿ ಬೆಂಗಳೂರಿನಲ್ಲಿಯೂ ಪುಣೆಯಲ್ಲಿಯೂ ಉಂಟು. ವರ್ಷಕ್ಕೆ 600 ಮಿಲಿಮೀಟರಿನ ಆಚೀಚೆ ಮಳೆ ಕಾಣುವ, ಅದೂ ಕೈಕೊಡುವ ಸೀಮೆಯಿಂದ ಬಂದವರಿಗೆ 3,500 ಮಿಲಿಮೀಟರಿಗೂ ಮೀರಿ ಸುರಿಯುವ ಮಂಗಳೂರು ಮೊದಲಿಗೆ ಒಂದು ಅತಿಶಯೋಕ್ತಿಯಂತೆ ಕಾಣುತ್ತದೆ. ಕಟಕ್ ರೊಟ್ಟಿ, ಅಂದರೆ ತಿಂಗಳುಗಟ್ಟಲೆ ಕೆಡದಂತೆ ಗರಿಗರಿಯಾಗಿ ಒಣಗಿಸಿದ ಜೋಳದ ರೊಟ್ಟಿ, ಆ ಊರಿನ ಗಾಳಿಗೆ ಸಿಕ್ಕಿ ಮೆತ್ತಗಾಗುವುದೇ ಘಟ್ಟ ಇಳಿದವರಿಗೆ ಕಡಲು ಕೊಡುವ ಮೊದಲ ಗುರುತು.

ಮಂಗಳೂರಿನಲ್ಲಿ ಬಂದರುಗಳು ಎರಡು. 1974ರಲ್ಲಿ ಮಹಾಬಂದರೆಂದು ಘೋಷಿತವಾದ ಪಣಂಬೂರಿನ ಹೊಸ ಬಂದರು ಬೇಲಿಯ ಒಳಗಿನ ಲೋಕವಾಗಿದ್ದು, ಅಲ್ಲಿನ ಕ್ರೇನುಗಳನ್ನು ದೂರದಿಂದ ಎಣಿಸಬಹುದಷ್ಟೆ. ನೇತ್ರಾವತಿಯೂ ಗುರುಪುರ ಹೊಳೆಯೂ ಕೂಡಿ ಕಡಲು ಸೇರುವ ಅಳಿವೆಯ, ಅಂದರೆ ಹೊಳೆಬಾಯಿಯ, ಒಳಗಿರುವ ಹಳೆಯ ಬಂದರಿಗೆ ಯಾವ ಬೇಲಿಯೂ ಅಷ್ಟಾಗಿ ಅಡ್ಡಬರುವುದಿಲ್ಲ; ಊರಿನ ಪೇಟೆಯೇ ಇಳಿಯುತ್ತ ಇಳಿಯುತ್ತ ಧಕ್ಕೆಯಾಗುತ್ತದೆ. ಧಕ್ಕೆಯೆಂದರೆ ದೋಣಿ ಹಡಗುಗಳು ಒತ್ತಿ ನಿಲ್ಲುವ ಕಟ್ಟೆ. ಅಲ್ಲಿ ಮಂಜಿಗಳು, ಎಂದರೆ ಮರದ ದೊಡ್ಡ ಸರಕು ಹಡಗುಗಳು, ಲಕ್ಷದ್ವೀಪಕ್ಕೆ ತರಕಾರಿ, ಜಲ್ಲಿ, ಸಿಮೆಂಟುಗಳನ್ನು ತುಂಬಿಕೊಳ್ಳುತ್ತವೆ. ತುಳು, ಕೊಂಕಣಿ, ಬ್ಯಾರಿ, ಮಲಯಾಳಗಳ ನಡುವೆ ದ್ವೀಪದವರ ಜೆಸ್ರಿಯೂ ಕೇಳುತ್ತದೆ. ಈ ಎಲ್ಲದರ ಕೆಳಗೆ, ಮೂಟೆ ಹೊರುವವರ ನಡುವೆ, ಉತ್ತರ ಕರ್ನಾಟಕದ ಕನ್ನಡ ನಡೆದಿರುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಬೆನ್ ಯಿಜು ಎಂಬ ಯಹೂದಿ ವರ್ತಕ ಇದೇ ಊರಲ್ಲಿ ಹಲವು ವರ್ಷ ನೆಲೆಸಿ ಏಡನ್ನಿನ ವರ್ತಕರೊಡನೆ ಪತ್ರವ್ಯವಹಾರ ಮಾಡುತ್ತಿದ್ದನೆಂಬುದನ್ನು ಬಲ್ಲವರಿಗೆ ಈ ಗದ್ದಲ ಹೊಸದೇನಲ್ಲ. ಬಂದರಿನಲ್ಲಿ ಪರಸ್ಥಳದವರಾಗಿರುವುದು ಒಂದು ಕುಂದಲ್ಲ, ಬಹುತೇಕ ಒಂದು ಕಸುಬು.

ಇನ್ನೂ ಸೂಕ್ಷ್ಮವಾದ ಆಕರ್ಷಣೆಯಿರುವುದು ಪಂಚಾಂಗದಲ್ಲಿ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದ್ದು, ಮೀನು ಮರಿ ಮಾಡುವ ಆ ಕಾಲದಲ್ಲಿ ಬೋಟುಗಳು ಧಕ್ಕೆಗೆ ಕಟ್ಟಿ ನಿಲ್ಲುತ್ತವೆ. ಮಂಜಿಗಳ ಓಡಾಟವೂ ಮಳೆಗಾಲದಲ್ಲಿ ನಿಲ್ಲುತ್ತದೆ. ಕಡಲು ಹೀಗೆ ಬಾಗಿಲು ಹಾಕಿಕೊಳ್ಳುವ ಹೊತ್ತಿಗೇ ಸಿಂದಗಿಯ ಹೊಲದಲ್ಲಿ ಮುಂಗಾರಿನ ತೊಗರಿ ಬಿತ್ತಿಗೆ ಕಾಯುತ್ತಿರುತ್ತದೆ. ಬಲೆ ಎಳೆಯಲು, ಮಂಜುಗಡ್ಡೆ ತುಂಬಲು ಹೋದವರು ಊರಿಗೆ ಬಂದು ಕೂರಿಗೆ ಹಿಡಿದು, ಆಗಸ್ಟಿನಲ್ಲಿ ಮತ್ತೆ ಘಟ್ಟ ಇಳಿಯಬಹುದು. ನಗರದ ಕಟ್ಟಡದ ಕೆಲಸ ರೈತನ ಮುಂಗಾರಿಗೆ ಇಷ್ಟು ಅಚ್ಚುಕಟ್ಟಾಗಿ ರಜೆ ಕೊಡುವುದಿಲ್ಲ. ಯಾರೂ ಕೂತು ಯೋಚಿಸಿ ಮಾಡಿದ ಒಪ್ಪಂದವಲ್ಲ ಇದು. ಒಂದೇ ಮಳೆ ಎರಡು ಕಡೆ ಎರಡು ಕೆಲಸ ಮಾಡುತ್ತಿದೆ, ಅಷ್ಟೆ.

ಬಂದರು ಎಲ್ಲರನ್ನೂ ಬರಮಾಡಿಕೊಳ್ಳುತ್ತದೆಂದರೆ ಎಲ್ಲರಿಗೂ ಮಣೆ ಹಾಕುತ್ತದೆಂದು ಅರ್ಥವಲ್ಲ. ತುಳುವಿನಲ್ಲಿ ಘಟ್ಟದಕುಲು, ಅಂದರೆ ಘಟ್ಟದ ಮೇಲಿನವರು ಎಂಬ ಮಾತು ಬರಿಯ ದಿಕ್ಕನ್ನೂ ಸೂಚಿಸಬಹುದು, ಹೇಳುವ ದನಿಯಿದ್ದಂತೆ ಬೇರೆಯದನ್ನೂ ಸೂಚಿಸಬಹುದು. ಗೋವೆಯ ಘಾಟಿ ಎಂಬ ಮಾತಿನಲ್ಲಿ ಆ ಅನುಮಾನಕ್ಕೂ ಎಡೆ ಕಡಿಮೆ. ಆದರೂ ವಾಸ್ಕೋದ ಬೈನಾದಲ್ಲಿ, ಜುವಾರಿನಗರದಲ್ಲಿ ಹುಟ್ಟಿದ ಮಕ್ಕಳು ಕೊಂಕಣಿ, ಹಿಂದಿ, ಕನ್ನಡಗಳನ್ನು ಒಂದೇ ಉಸಿರಿನಲ್ಲಿ ಆಡಬಲ್ಲರು. ರಜೆಗೆ ಅಜ್ಜನ ಊರಿಗೆ ಬಂದಾಗ ಅವರನ್ನು ಗೋವಾದವರೆಂದೇ ಕರೆಯುತ್ತಾರೆ.

ಈ ಹೋಗಿಬರುವಿಕೆಯಲ್ಲಿ ಎಲ್ಲರಿಗಿಂತ ಹಳಬರು ಲಮಾಣಿಗರು. ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ಸುತ್ತ ತಾಂಡಾಗಳಲ್ಲಿ ನೆಲೆಸಿರುವ ಈ ಜನ ಒಂದು ಕಾಲದಲ್ಲಿ ಹೇರೆತ್ತುಗಳ ಮೇಲೆ ಕರಾವಳಿಯ ಆಗರಗಳ, ಅಂದರೆ ಉಪ್ಪು ಬೆಳೆಯುವ ಗದ್ದೆಗಳ, ಉಪ್ಪನ್ನು ಬಯಲುಸೀಮೆಗೆ ತಂದು ಕಾಳನ್ನು ಒಯ್ಯುತ್ತಿದ್ದರು. ಲವಣದಿಂದಲೇ ಲಮಾಣಿ ಎಂಬ ಹೆಸರು ಬಂತೆನ್ನುವವರೂ ಉಂಟು. ಬಂದರನ್ನು ಹತ್ತಿರ ತಂದ ರೈಲು ಅವರ ಎತ್ತುಗಳ ಕೆಲಸವನ್ನು ಕಿತ್ತುಕೊಂಡಿತು. ಕವಡೆ ಮಾತ್ರ ಉಳಿಯಿತು. ಮಾಲ್ದೀವುಗಳ ಕಡಲಿನಿಂದ ಹಡಗೇರಿ ಬಂದು, ಎಲ್ಲಮ್ಮನ ಜೋಗತಿಯರ ಕೊರಳಿನಲ್ಲಿಯೂ ಲಮಾಣಿ ಹೆಂಗಸರ ಉಡುಪಿನಲ್ಲಿಯೂ ನೆಲೆಯಾದ ಆ ಬಿಳಿಯ ಚಿಪ್ಪನ್ನು ಇಂದು ಕನ್ನಡಿ ಚೂರುಗಳೊಡನೆ ಚೀಲ, ಸೊಂಟಪಟ್ಟಿಗಳಿಗೆ ಹೊಲಿದು, ತಾಂಡಾಗಳ ಹೆಂಗಸರು ಗೋವೆಯ ಕಲಂಗುಟ್, ಅಂಜುನಾ ತೀರಗಳಲ್ಲಿ ಹೆಗಲಿಗೆ ಹಾಕಿಕೊಂಡು ತಿರುಗುತ್ತಾರೆ. ಕಡಲಿನ ಚಿಪ್ಪು ಎರೆನೆಲವನ್ನು ಸುತ್ತಿ ಬಂದು, ಚೌಕಾಸಿಯಾಗಿ, ಮತ್ತೆ ಕಡಲ ದಂಡೆಯಲ್ಲಿಯೇ ಮಾರಾಟವಾಗುತ್ತದೆ.