ಫಿಲ್ಟರ್ ಪೇಪರಿಗೆ ಅಂಟಿದ್ದು

ಕಾಗದದ ಮೇಲೆ ರಸಾಯನಶಾಸ್ತ್ರ ಬಹಳ ಸಜ್ಜನ. 138 ಗ್ರಾಂ ಸ್ಯಾಲಿಸಿಲಿಕ್ ಆಮ್ಲ ಕೊಡಿ, 180 ಗ್ರಾಂ ಆಸ್ಪಿರಿನ್ ಕೊಡುತ್ತೇನೆ ಎಂದು ಮಾತು ಕೊಡುತ್ತದೆ. ಬಿಎಸ್ಸಿ ಲ್ಯಾಬಿನಲ್ಲಿ ನಮ್ಮ ಪಾಲಿಗೆ ಬರುತ್ತಿದ್ದದ್ದು 2 ಗ್ರಾಂ ಆಮ್ಲ; ಆ ಲೆಕ್ಕಕ್ಕೆ 2.61 ಗ್ರಾಂ ಆಸ್ಪಿರಿನ್ ಸಿಗಬೇಕು. ರೆಕಾರ್ಡ್ ಪುಸ್ತಕದಲ್ಲಿ ಆ ಸಂಖ್ಯೆಯನ್ನು ಮೊದಲೇ ದುಂಡಗೆ ಬರೆದಿಡುತ್ತಿದ್ದೆವು. ಕೈಗೆ ಬಂದದ್ದು ಎಂದೂ ಅಷ್ಟಿರಲಿಲ್ಲ.

ಅಸಿಟಿಕ್ ಅನ್‌ಹೈಡ್ರೈಡ್ ಸುರಿದು, ಒಂದೆರಡು ಹನಿ ಸಲ್ಫ್ಯೂರಿಕ್ ಆಮ್ಲ ಬಿಟ್ಟು, ಬಿಸಿನೀರಿನಲ್ಲಿ ಕೂರಿಸಿದರೆ ಮೂಗಿಗೆ ಹೊಡೆಯುವ ವಿನೆಗರ್ ವಾಸನೆ. ಆಮೇಲೆ ಐಸ್ ನೀರು. ಹರಳು ಮೊಂಡು ಹಿಡಿದರೆ ಗಾಜಿನ ಕಡ್ಡಿಯಿಂದ ಫ್ಲಾಸ್ಕಿನ ಒಳಗೋಡೆ ಕೆರೆಯಬೇಕು. ಕೆರೆದ ಜಾಗದಿಂದ ಬಿಳಿ ಸೂಜಿಗಳು ಏಳುತ್ತಿದ್ದವಲ್ಲ, ಅಂಥ ಖುಷಿ ಆಮೇಲೆ ಯಾವ ಸಂಬಳದ ದಿನವೂ ಕೊಡಲಿಲ್ಲ.

ಖುಷಿ ತಕ್ಕಡಿಯವರೆಗೆ. ಒಂದಿಷ್ಟು ಫ್ಲಾಸ್ಕಿಗೆ, ಒಂದಿಷ್ಟು ಫಿಲ್ಟರ್ ಪೇಪರಿಗೆ ಅಂಟಿರುತ್ತಿತ್ತು. ನೀರಂತೂ ಸುಂಕ ವಸೂಲಿ ಮಾಡದೆ ಬಿಡುವುದಿಲ್ಲ: ಕೋಣೆಯ ಉಷ್ಣತೆಯಲ್ಲಿ 100 ಮಿಲಿ ನೀರು ಸುಮಾರು 0.3 ಗ್ರಾಂ ಆಸ್ಪಿರಿನ್ ಕರಗಿಸಿಕೊಳ್ಳುತ್ತದೆ. ಫೆರಿಕ್ ಕ್ಲೋರೈಡ್ ಹಾಕಿದಾಗ ನೇರಳೆ ಬಣ್ಣ ಕಂಡರೆ ಹಳೆಯ ಸ್ಯಾಲಿಸಿಲಿಕ್ ಆಮ್ಲ ಇನ್ನೂ ಉಳಿದಿದೆ ಎಂದರ್ಥ. ಮತ್ತೆ ಕರಗಿಸು, ಮತ್ತೆ ಸೋಸು. ಪದಾರ್ಥ ಶುದ್ಧವಾದಷ್ಟೂ ಯೀಲ್ಡ್, ಅಂದರೆ ಇಳುವರಿ, ಬಡವಾಗುತ್ತಿತ್ತು. 1.7 ಗ್ರಾಂ ಉಳಿದರೆ 65%, ಅದೇ ದೊಡ್ಡದು.

ಪಕ್ಕದ ಬೆಂಚಿನ ಗೆಳೆಯನಿಗೆ ಮಾತ್ರ 112%. ದ್ರವ್ಯ ಹೊಸದಾಗಿ ಹುಟ್ಟದು ಎಂದ ಲವಾಸಿಯೆಯನ್ನೇ ಸೋಲಿಸಿದ ಗತ್ತಿನಲ್ಲಿ ನಿಂತಿದ್ದ. ಮೇಷ್ಟ್ರು ವಾಚ್ ಗ್ಲಾಸನ್ನು ಓರೆ ಮಾಡಿ ನೋಡಿ, ‘ಒಣಗಿಸ್ಕೊಂಡು ಬಾರಪ್ಪ, ನೀರಿಗೆ ಮಾರ್ಕ್ಸ್ ಇಲ್ಲ’ ಎಂದರು.

1991ರಲ್ಲಿ ಸ್ಟ್ಯಾನ್‌ಫರ್ಡಿನ ಬ್ಯಾರಿ ಟ್ರೋಸ್ಟ್ ಇನ್ನೊಂದು ತಕರಾರು ತೆಗೆದರು. ಯೀಲ್ಡ್ ಬಿಡಿ, ಒಳಗೆ ಹಾಕಿದ ಪರಮಾಣುಗಳಲ್ಲಿ ಎಷ್ಟು ಬೇಕಾದ ಪದಾರ್ಥದಲ್ಲಿ ಉಳಿದವು? ನಮ್ಮ ಆಸ್ಪಿರಿನ್ನಿಗೆ 138ರ ಜೊತೆ 102ರ ಅನ್‌ಹೈಡ್ರೈಡ್, ಒಟ್ಟು 240. ಉಳಿದದ್ದು 180, ಅಂದರೆ 75%. ಮಿಕ್ಕ ಕಾಲು ಭಾಗ ಅಸಿಟಿಕ್ ಆಮ್ಲ. ಚಿಟಿಕೆಯೂ ಚೆಲ್ಲದ ಜಾಣನಿಗೂ ಈ ನಷ್ಟ ತಪ್ಪದು. ಸಿದ್ಧಾಂತ ತಿಳಿಯುವ ಮೊದಲೇ ನಮ್ಮ ಮೂಗಿಗೆ ಇದು ಗೊತ್ತಿತ್ತು.

ಇದು ಒಂದೇ ಹಂತದ ಗೋಳು. ಹತ್ತು ಹಂತದ ಔಷಧಿಯಲ್ಲಿ ಪ್ರತಿ ಹಂತಕ್ಕೂ 90% ಸಿಕ್ಕರೂ ಕೊನೆಗೆ ಉಳಿಯುವುದು ಸುಮಾರು 35%. ಹೋಳಿಗೆ ಬುಟ್ಟಿ ಹತ್ತು ನೆಂಟರ ಮನೆ ಹೊಕ್ಕು ಬಂದ ಹಾಗೆ.

ಅಮೋನಿಯ ಕಾರ್ಖಾನೆಯ ಧೋರಣೆಯೇ ಬೇರೆ. ಕಬ್ಬಿಣದ ವೇಗವರ್ಧಕದ ಮೇಲೆ ಸಾರಜನಕ, ಜಲಜನಕಗಳನ್ನು ಹಾಯಿಸಿದರೆ ಒಂದು ಸುತ್ತಿಗೆ ನೂರಕ್ಕೆ ಸುಮಾರು ಹದಿನೈದು ಮಾತ್ರ ಪಾಸು. ಅಮೋನಿಯವನ್ನು ತಂಪು ಮಾಡಿ ದ್ರವವಾಗಿಸಿ ತೆಗೆದು, ಫೇಲಾದ ಅನಿಲವನ್ನು ಪುನಃ ಒಳಗೆ ಕಳಿಸುತ್ತಾರೆ, ಮತ್ತೆ ಮತ್ತೆ, ಹೆಚ್ಚುಕಡಿಮೆ ಪೂರ್ತಿ ಮುಗಿಯುವ ತನಕ. ನಮ್ಮ ಕಾಲೇಜಿನಲ್ಲಿ ಅದಕ್ಕೆ ಸಪ್ಲಿಮೆಂಟರಿ ಎನ್ನುತ್ತಿದ್ದರು, ಪ್ರತಿ ಸುತ್ತಿಗೂ ಫೀಸು ಬೇರೆ ಕಟ್ಟಬೇಕಿತ್ತು.